ಅಮ್ಮ ಆಟಿ ಕೂತ ವರ್ಷ

ಅಪ್ಪ ಪುತ್ತೂರಿನ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟರಾಗಿದ್ದರು. ಸುಳ್ಯದ ಕಡೆಗೆ ಹೋಗುವ ಬಸ್ಸುಗಳಿಗೆ ಜನರನ್ನು ಕರೆಯುವುದು, ಹೆಂಗಸರಿಗೂ ಮುದುಕರಿಗೂ ಜಾಗ ಮಾಡಿಕೊಡುವುದು, ಟಾಪಿನ ಮೇಲೆ ಹಾಕಿದ ಮೂಟೆಗಳ ಹಗ್ಗ ಎಳೆದು ನೋಡುವುದು, ಎಲ್ಲ ಸರಿ ಕಂಡಾಗ ವಿಸಿಲ್ ಹಾಕಿ ಬಸ್ಸು ಬಿಡುವುದು ಅವರ ಕೆಲಸ. ನಮ್ಮ ಬಾಡಿಗೆ ಮನೆ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಅಮ್ಮ ಗಡಿಯಾರ ನೋಡುತ್ತಿರಲಿಲ್ಲ. ಬೆಳಗಿನ ಮೊದಲ ವಿಸಿಲಿಗೆ ಒಲೆ ಹೊತ್ತಿಸುತ್ತಿದ್ದಳು. ಮಧ್ಯಾಹ್ನದ ವಿಸಿಲ್ ಕೇಳುವ ಮೊದಲೇ ಅಪ್ಪನ ಬುತ್ತಿ ನನ್ನ ಅಥವಾ ಅಕ್ಕನ ಕೈಯಲ್ಲಿ ಹೊರಟಾಗಿರುತ್ತಿತ್ತು. ವಿಸಿಲ್ ಉದ್ದವಾಗಿದ್ದರೆ ಬಸ್ಸು ತುಂಬಿದೆ, ಗಿಡ್ಡವಾಗಿದ್ದರೆ ಅಲ್ಲಿ ಏನೋ ಕಿರಿಕಿರಿ ಆಗಿದೆ ಎಂದು ಅವಳು ಹೇಳುತ್ತಿದ್ದಳು. ಸಂಜೆ ಅಪ್ಪನನ್ನು ಕೇಳಿದರೆ ಹೆಚ್ಚಿನ ಸಲ ಅದು ಸರಿಯೇ ಇರುತ್ತಿತ್ತು.

ಅದು ಐವತ್ತರ ದಶಕದ ಕೊನೆ. ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಸುಳ್ಯ ಇನ್ನೂ ಪುತ್ತೂರು ತಾಲೂಕಿನೊಳಗೇ ಇತ್ತು. ನಾನು ಹೈಸ್ಕೂಲಿನಲ್ಲಿದ್ದೆ. ಅಕ್ಕ ಅದನ್ನು ಮುಗಿಸಿ ಮನೆಯಲ್ಲಿದ್ದಳು. ನಾವು ಇಬ್ಬರೇ ಹೆಣ್ಣುಮಕ್ಕಳು. ಅಪ್ಪ ಅಮ್ಮನಿಗೆ ಮದುವೆಯಾಗಿ ಇಪ್ಪತ್ತು ವರ್ಷ ದಾಟಿತ್ತು.

ಆ ಇಪ್ಪತ್ತು ವರ್ಷಗಳಲ್ಲಿ ಅಪ್ಪ ಅಮ್ಮನನ್ನು ಹೆಸರು ಹಿಡಿದು ಕರೆದಿರಲಿಲ್ಲ. ಅಮ್ಮನೂ ಅವರನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಆಗಿನ ಮನೆಗಳಲ್ಲಿ ಇದು ವಿಶೇಷವಲ್ಲ. ಅಪ್ಪ ಅಂಗಳದಲ್ಲಿ ಚಪ್ಪಲಿ ಬಿಡುತ್ತಾ “ಕೇಳಿತಾ?” ಎನ್ನುತ್ತಿದ್ದರು. ಒಳಗಿನಿಂದ ಅಮ್ಮ “ಹಾಂ” ಎನ್ನುತ್ತಿದ್ದಳು. ಆಮೇಲೆ ವಿಷಯ. ಆದ್ದರಿಂದ ಅವರಿಬ್ಬರ ನಡುವೆ ಮಾತು ನಿಂತಾಗ ಹೊರಗಿನವರಿಗೆ ಅದು ಬೇಗ ತಿಳಿಯಲಿಲ್ಲ. ನಿಂತದ್ದು ಆ ಒಂದು “ಕೇಳಿತಾ” ಮಾತ್ರ.

ನಮ್ಮದು ಅಳಿಯಸಂತಾನದ ಕುಟುಂಬ. ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು. ಅವರ ಮದುವೆಯ ಮಾತು ಆಡುವವನು ತಾಯಿಯ ಒಡಹುಟ್ಟಿದವನು, ಅಪ್ಪನಲ್ಲ. ಅಪ್ಪ ಸಾಕುತ್ತಾನೆ, ಓದಿಸುತ್ತಾನೆ, ಧಾರೆಯ ದಿನ ಮುಂದೆ ನಿಲ್ಲುತ್ತಾನೆ. ಆದರೆ ಹುಡುಗಿಯನ್ನು ನೋಡಲು ಬರುವವರು ಅವಳ ತಾಯಿಯ ಕುಟುಂಬದ ಮನೆಗೇ ಹೋಗುತ್ತಾರೆ. ನಮಗೆ ಆ ಮನೆ ಸುಳ್ಯದ ಆಚೆ ಆಲೆಟ್ಟಿಯಲ್ಲಿತ್ತು. ಅಲ್ಲಿ ಅಜ್ಜಿ ಮತ್ತು ಅಮ್ಮನ ಅಣ್ಣ, ನಮ್ಮ ಮಾವ, ಇದ್ದರು. ಅಪ್ಪನ ಕುಟುಂಬದ ಮನೆ ಕೆದಂಬಾಡಿಯಲ್ಲಿ. ಹಾಗಾಗಿ ಅಪ್ಪನಿಗೆ ಕೆದಂಬಾಡಿ, ಅಮ್ಮನಿಗೆ ಆಲೆಟ್ಟಿ. ಇಬ್ಬರಿಗೂ ಸೇರಿದ್ದು ಎಂದು ಇದ್ದದ್ದು ಪುತ್ತೂರಿನ ಬಾಡಿಗೆ ಮನೆಯೊಂದೇ.

ಆ ವರ್ಷ ಬಿಸು ಹಬ್ಬ ಕಳೆದ ಮೇಲೆ ಅಕ್ಕನಿಗೆ ಕಡಬದಿಂದ ಒಂದು ಸಂಬಂಧ ಬಂತು. ಹುಡುಗ ಶಾಲೆಯ ಮಾಸ್ಟರು. ಅಜ್ಜಿಗೆ ಮಂಡಿ ನೋವು ಎಂದು ಹೇಳಿ ಅಮ್ಮ ಅಕ್ಕನನ್ನು ಕರೆದುಕೊಂಡು ಆಲೆಟ್ಟಿಗೆ ಹೋದಳು. ಮಂಡಿ ನೋವು ಸುಳ್ಳಲ್ಲ, ಆದರೆ ಹೋದದ್ದು ಅದಕ್ಕಲ್ಲ. ಹುಡುಗಿಯ ಅಪ್ಪನಿಗೆ ಸಂಬಂಧದ ಸುದ್ದಿ ಹೇಳುವುದಕ್ಕೆ ನಮ್ಮಲ್ಲಿ ಒಂದು ರೀತಿ ಇತ್ತು. ಮಾತು ಗಟ್ಟಿಯಾದ ಮೇಲೆ ಹುಡುಗಿಯ ಮಾವ ಒಳ್ಳೆಯ ದಿನ ನೋಡಿ, ತಟ್ಟೆಯಲ್ಲಿ ವೀಳ್ಯದೆಲೆ ಅಡಿಕೆ ಇಟ್ಟು, ಭಾವನ ಮನೆಗೆ ಬಂದು ಹೇಳಬೇಕು. ಅದಕ್ಕೆ ಮೊದಲು ಹೆಂಡತಿ ಬಾಯಿಬಿಟ್ಟರೆ ಅಣ್ಣನಿಗೂ ಮರ್ಯಾದೆಯಲ್ಲ, ಗಂಡನಿಗೂ ಮರ್ಯಾದೆಯಲ್ಲ. ಬುಧವಾರ ಬರುತ್ತೇನೆ ಎಂದು ಮಾವ ಹೇಳಿದ್ದರು. ಅಮ್ಮ ಬುಧವಾರಕ್ಕೆ ಕಾದಳು.

ಕಡಬದವರು ಆಲೆಟ್ಟಿಗೆ ಹೋಗಬೇಕಾದರೆ ಪುತ್ತೂರಿನಲ್ಲಿ ಬಸ್ಸು ಬದಲಿಸಬೇಕು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹುಡುಗನ ಸೋದರಮಾವ ಮತ್ತು ಚಿಕ್ಕಮ್ಮ ಭಾನುವಾರ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಇಳಿದು, ಸುಳ್ಯದ ಬಸ್ಸು ಯಾವುದು ಎಂದು ಕೇಳಿದ್ದು ಅಪ್ಪನನ್ನೇ. ಅಪ್ಪ ಅವರಿಗೆ ಡ್ರೈವರನ ಹಿಂದಿನ ಸೀಟು ಕೊಟ್ಟರು. ಚಿಕ್ಕಮ್ಮನ ಕಾಲಿಗೆ ತಾಗುತ್ತಿದ್ದ ಯಾರದೋ ಕೋಳಿಬುಟ್ಟಿಯನ್ನು ಸರಿಸಿ ಇಟ್ಟರು. ವಿಸಿಲ್ ಹಾಕಿದರು.

ಮರುದಿನ ಬೆಳಿಗ್ಗೆ ಅಮ್ಮನೂ ಅಕ್ಕನೂ ವಾಪಸು ಬಂದರು. ಮಧ್ಯಾಹ್ನ ನಾನು ಬುತ್ತಿ ಹಿಡಿದು ಸ್ಟ್ಯಾಂಡಿಗೆ ಹೋದಾಗ ಸುಳ್ಯದಿಂದ ಬಂದ ಬಸ್ಸು ಆಗಷ್ಟೇ ನಿಂತಿತ್ತು. ಅದರ ಕಂಡಕ್ಟರು ಒಬ್ಬ ಬ್ಯಾರಿ ಮುಸ್ಲಿಮರು, ಅಪ್ಪನ ಪ್ರಾಯದವರು. ನಾವು ಅವರನ್ನು ಕಾಕ ಎನ್ನುತ್ತಿದ್ದೆವು. ಅವರು ಮೆಟ್ಟಿಲಿನಿಂದಲೇ ಕೂಗಿದರು.

“ಏಜೆಂಟ್ರೆ, ಜಿಲೇಬಿ ಎಲ್ಲಿ?”

“ಎಂತಕ್ಕೆ ಜಿಲೇಬಿ? ನಿನಗೆ ಇನ್ನೊಂದು ಮೊಮ್ಮಗು ಹುಟ್ಟಿತಾ?”

“ನನ್ನದಲ್ಲ ಮಾರಾಯ್ರೆ, ನಿಮ್ಮದು! ಮಗಳನ್ನು ಕಡಬಕ್ಕೆ ಕೊಟ್ರಂತಲ್ಲ. ನಿನ್ನೆ ಸಂಜೆ ಬಸ್ಸಿಡೀ ಅದೇ ಸುದ್ದಿ. ಹುಡುಗನ ಮಾವ ಸಂತೋಷಕ್ಕೆ ನನಗೆ ಬೀಡಿ ಕೊಟ್ಟರು. ನೀವು ನೋಡಿದರೆ ಬಾಯಿಗೆ ಬೀಗ ಹಾಕಿ ನಿಂತಿದ್ದೀರಿ. ಕಳ್ಳ!”

ಸುತ್ತಲಿದ್ದ ಕೂಲಿಯವರು, ಡ್ರೈವರುಗಳು ನಕ್ಕರು. ಅಪ್ಪ ಒಂದು ಮೂಟೆಯ ಹಗ್ಗ ಹಿಡಿದುಕೊಂಡಿದ್ದರು. ಅವರ ಕೈ ಅಲ್ಲಿಂದ ಕದಲಲಿಲ್ಲ. ಆಮೇಲೆ ಹಗ್ಗವನ್ನು ಇನ್ನೊಮ್ಮೆ ಬಿಗಿದು ಅವರೂ ನಕ್ಕರು.

“ಜಿಲೇಬಿ ತಾನೆ? ತಿನ್ನಿ ತಿನ್ನಿ,” ಎಂದು ಎದುರಿನ ಹೋಟೆಲಿನಿಂದ ತರಿಸಿ ಎಲ್ಲರಿಗೂ ಹಂಚಿದರು. ನನಗೂ ಒಂದು ಬಂತು. ಆಮೇಲೆ ನಾನು ತಂದ ಬುತ್ತಿಯನ್ನು ಮುಚ್ಚಳ ತೆಗೆಯದೆ ನನ್ನ ಕೈಗೇ ಕೊಟ್ಟು, “ಮನೆಗೆ ಕೊಂಡುಹೋಗು. ಹಸಿವಿಲ್ಲ,” ಎಂದರು. ನಾನು ಓಣಿ ತಿರುಗುವಾಗ ಹಿಂದಿನಿಂದ ವಿಸಿಲ್ ಕೇಳಿಸಿತು. ಗಿಡ್ಡ ವಿಸಿಲ್. ಅಮ್ಮ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು.

ಅಂದು ಸಂಜೆ ಅವರಿಬ್ಬರು ಆಡಿದ ಮಾತನ್ನು ಅಕ್ಕ ಮತ್ತು ನಾನು ಗೋಡೆಯ ಈಚೆಯಿಂದ ಕೇಳಿದೆವು. ಹೆಚ್ಚು ಮಾತಿರಲಿಲ್ಲ.

“ಇಪ್ಪತ್ತು ವರ್ಷ ಈ ಮನೆಯಲ್ಲಿ ನಾನು ಎಂತ? ಏಜೆಂಟನಾ? ಬಂದವರಿಗೆ ಸೀಟು ಕೊಡುವವನಾ?”

“ಅಣ್ಣ ಬುಧವಾರ ಬಂದು ಹೇಳ್ತೇನೆ ಅಂದಿದ್ದ. ಅವ ಹೇಳುವ ಮೊದಲು ನಾನು ಹೇಳಿದರೆ ಅದು ಕ್ರಮವಾ?”

“ಕ್ರಮ ನಿಮ್ಮದು. ಅನ್ನ ನನ್ನದು.”

ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. ಅಮ್ಮ, “ಅನ್ನದ ಮಾತು ಆಡಿದ್ರಿ,” ಎಂದಳು. ಅವಳ ದನಿ ಎತ್ತರವಾಗಿರಲಿಲ್ಲ.

ಎರಡೂ ಕಡೆ ತಪ್ಪಾದದ್ದು ಇಷ್ಟೇ. ಹೇಳಬೇಕಾದವರು ದಿನ ನೋಡಿದರು. ಕೇಳಬೇಕಾದವರು ಬೀದಿಯಲ್ಲಿ ಕೇಳಿದರು. ಕೇಳಿದವರು ಸಿಟ್ಟಿನಲ್ಲಿ, ಉಣಿಸಿದ ಅನ್ನವನ್ನು ಎತ್ತಿ ಆಡಿದರು. ನಮ್ಮ ಕಡೆ ಬೇರೆ ಯಾವ ಮಾತನ್ನಾದರೂ ಮರೆಯುತ್ತಾರೆ. ಅದನ್ನು ಮರೆಯುವುದಿಲ್ಲ.

ಬುಧವಾರ ಮಾವ ತಟ್ಟೆ ಹಿಡಿದು ಬಂದರು. ಅಪ್ಪ ಎದ್ದು ನಿಂತು ತಟ್ಟೆ ತೆಗೆದುಕೊಂಡರು, ಕೂರಲು ಹೇಳಿದರು, “ಬಸ್ಸಿನಲ್ಲಿ ಬಂದ ಸುದ್ದಿ ಬೇಗ ಮುಟ್ಟುತ್ತದೆ ಭಾವ,” ಎಂದರು. ಎಲೆಯನ್ನು ಬಾಯಿಗೆ ಹಾಕದೆ ಕಿಟಕಿಯ ಮೇಲಿಟ್ಟರು. ಮಾವ ಅದನ್ನು ನೋಡಿದರು. ಊಟಕ್ಕೆ ನಿಲ್ಲಲಿಲ್ಲ.

ಅಲ್ಲಿಂದ ಮುಂದೆ ಮನೆಯೊಳಗಿನ ಮಾತೆಲ್ಲ ನಮ್ಮಿಬ್ಬರ ಮೂಲಕ ನಡೆಯಿತು. “ಅಮ್ಮನಿಗೆ ಹೇಳು, ಅಕ್ಕಿ ಬಂದಿದೆ,” ಎಂದು ಅಪ್ಪ ಹೇಳುವಾಗ ಅಮ್ಮ ಅದೇ ಕೋಣೆಯಲ್ಲಿ ತರಕಾರಿ ಹೆಚ್ಚುತ್ತಿರುತ್ತಿದ್ದಳು. ನಾನು ತಿರುಗಿ, “ಅಕ್ಕಿ ಬಂದಿದೆಯಂತೆ,” ಎನ್ನಬೇಕು. “ಸರಿ ಅಂತ ಹೇಳು,” ಎನ್ನುತ್ತಿದ್ದಳು ಅಮ್ಮ. ನಾನು ಹೇಳುವವರೆಗೂ ಅಪ್ಪ ಅಲ್ಲೇ ನಿಲ್ಲುತ್ತಿದ್ದರು. ಮಧ್ಯಾಹ್ನ ಹೋಟೆಲಿನಲ್ಲಿ ಉಣ್ಣತೊಡಗಿದರು. ಆದರೂ ಬಹಳ ದಿನ, ಮಧ್ಯಾಹ್ನದ ಹೊತ್ತಾಗುತ್ತಲೇ ಅಮ್ಮ ಎದ್ದು ಬುತ್ತಿಯ ಪಾತ್ರೆಯ ಕಡೆಗೆ ಹೋಗಿ, ಅಲ್ಲಿಂದ ತಿರುಗಿ ಬರುತ್ತಿದ್ದಳು.

ಅಕ್ಕನಿಗೆ ನಿದ್ದೆ ಬಾರದಾಯಿತು. ಕಡಬದವರು ಒಪ್ಪಿದ್ದರು, ಆದರೆ ಮದುವೆಯ ದಿನ ಇಟ್ಟಿರಲಿಲ್ಲ. ಮಳೆ ಕಡಿಮೆಯಾದ ಮೇಲೆ ಬಂದು ಇಡುತ್ತೇವೆ ಎಂದಿದ್ದರು. ಅಷ್ಟರಲ್ಲಿ ಇಲ್ಲಿಯ ವಿಷಯ ಅವರ ಕಿವಿಗೆ ಬಿದ್ದರೆ? ತಾಯಿ ತಂದೆ ಮಾತು ಬಿಟ್ಟ ಮನೆಯಿಂದ ಹುಡುಗಿ ತರಲು ಜನ ಎರಡು ಸಲ ಯೋಚಿಸುತ್ತಿದ್ದರು. ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸುತ್ತಾರೆ. ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆಯ ಸುದ್ದಿಯೂ ಅದೇ ಬಸ್ ಸ್ಟ್ಯಾಂಡನ್ನು ದಾಟಿ ಹೋಗಬೇಕು. ಅಕ್ಕ ಓಣಿಯಲ್ಲಿ ಯಾರ ಹೆಜ್ಜೆ ಕೇಳಿದರೂ ಎದ್ದು ಕೂರುತ್ತಿದ್ದಳು.

ಆಟಿ ತಿಂಗಳು ಬಂತು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಈ ತಿಂಗಳಲ್ಲಿ ಹೊಸದಾಗಿ ಮದುವೆಯಾದ ಹುಡುಗಿ ತವರಿಗೆ ಹೋಗಿ ಇರುವುದು ತುಳುನಾಡಿನ ಪದ್ಧತಿ. ಅದಕ್ಕೆ ಆಟಿ ಕೂರುವುದು ಎನ್ನುತ್ತಾರೆ. ಆಮೇಲಿನ ಸೋಣ ತಿಂಗಳಲ್ಲಿ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಅವಳು ಹೋಗುವಂತಿಲ್ಲ. ಒಂದು ಬೆಳಿಗ್ಗೆ ಅಮ್ಮ ಪಕ್ಕದ ಮನೆಯ ಹೆಂಗಸಿಗೆ, ತಾನು ಆಟಿ ಕೂರಲು ಆಲೆಟ್ಟಿಗೆ ಹೋಗುತ್ತೇನೆ ಎಂದಳು.

“ಎಂತ ಮಾರಾಯ್ತಿ, ಈ ಪ್ರಾಯದಲ್ಲಿ ಆಟಿ ಕೂರುದಾ? ಮಗಳ ಮದುವೆಗೆ ಮೊದಲು ನೀನೇ ಇನ್ನೊಮ್ಮೆ ಮದುಮಗಳಾಗುದಾ?”

“ಆಗುದು ಮತ್ತೆ. ಗಂಡನ ಮನೆಯ ಅನ್ನ ಯಾಕೋ ಜೀರ್ಣ ಆಗುದಿಲ್ಲ,” ಎಂದು ಅಮ್ಮ ನಕ್ಕಳು. ಆ ಹೆಂಗಸೂ ನಕ್ಕಳು.

ಅಮ್ಮ ಅಕ್ಕನನ್ನು ಜೊತೆಗೆ ಕರೆದುಕೊಂಡಳು. ನನಗೆ ಶಾಲೆ ಇದ್ದದ್ದರಿಂದ ಅಪ್ಪನ ಜೊತೆ ಉಳಿದೆ. ಅವಳು ಕಟ್ಟಿಕೊಂಡ ಸಾಮಾನನ್ನು ನಾನು ನೋಡಿದ್ದೆ. ಎರಡು ಸೀರೆ, ಅಜ್ಜಿಯ ಮಂಡಿಗೆ ಎಣ್ಣೆ, ಮತ್ತು ಗೋಣಿಯಲ್ಲಿ ಸುತ್ತಿದ ಮೆಟ್ಟುಕತ್ತಿ. ಅದು ಅವಳು ಮದುವೆಯಾದಾಗ ಆಲೆಟ್ಟಿಯಿಂದ ತಂದದ್ದು, ಕಾಲಲ್ಲಿ ಮೆಟ್ಟಿ ಕೂತು ತರಕಾರಿ, ಮೀನು ಹೆಚ್ಚುವ ಕತ್ತಿ. ತಿಂಗಳಿಗೆಂದು ತವರಿಗೆ ಹೋಗುವ ಹೆಂಗಸು ಅಡುಗೆಮನೆಯ ಕತ್ತಿ ಒಯ್ಯುವುದಿಲ್ಲ. ಸ್ಟ್ಯಾಂಡಿನಲ್ಲಿ ಆ ಗೋಣಿಯನ್ನು ಟಾಪಿಗೆ ಏರಿಸಿದ್ದು ಅಪ್ಪ. ಕೈಗೆ ತಾಗಿದ ಕೂಡಲೇ ಅವರಿಗೆ ಅದು ಏನೆಂದು ಗೊತ್ತಾಗಿರಬೇಕು. ಒಂದು ಕ್ಷಣ ಹಿಡಿದುಕೊಂಡೇ ನಿಂತರು. ಆಮೇಲೆ ಹಗ್ಗ ಕಟ್ಟಿ, ಇಬ್ಬರಿಗೂ ಮುಂದಿನ ಸೀಟು ಕೊಟ್ಟು, ವಿಸಿಲ್ ಹಾಕಿದರು.

ಆ ತಿಂಗಳು ನಾನು ಮನೆಯಲ್ಲಿ ಶಬ್ದಗಳನ್ನು ಕೇಳುತ್ತಾ ಕಳೆದೆ. ವಿಸಿಲ್ ಉದ್ದವೋ ಗಿಡ್ಡವೋ ಎಂದು ಅಮ್ಮನ ಹಾಗೆ ಹೇಳಲು ನೋಡುತ್ತಿದ್ದೆ. ನನಗೆ ಎಲ್ಲವೂ ಒಂದೇ ತರಹ ಕೇಳುತ್ತಿತ್ತು. ಅಪ್ಪ ಗಂಜಿ ಮಾಡುತ್ತಿದ್ದರು. ಅದು ಒಂದೋ ತಳ ಹಿಡಿಯುತ್ತಿತ್ತು, ಇಲ್ಲವೇ ಅಕ್ಕಿ ಬೆಂದಿರುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ನನ್ನನ್ನು ಸುಳ್ಯದ ಬಸ್ಸಿಗೆ ಹತ್ತಿಸುತ್ತಿದ್ದರು. ಭಾನುವಾರ ಸಂಜೆ ನಾನು ಇಳಿಯುವಾಗ ಅಲ್ಲೇ ನಿಂತಿರುತ್ತಿದ್ದರು. “ಬಸ್ಸಿನಲ್ಲಿ ಜನ ಇತ್ತಾ?” ಎಂದು ಕೇಳುತ್ತಿದ್ದರು. ಬೇರೇನೂ ಕೇಳುತ್ತಿರಲಿಲ್ಲ. ಆಲೆಟ್ಟಿಯಲ್ಲಿ ಅಮ್ಮ ಕೇಳುತ್ತಿದ್ದದ್ದೂ ಒಂದೇ: “ಗಂಜಿಗೆ ಎಂತ ಮಾಡ್ತಾರೆ?” ಉಪ್ಪಿನಕಾಯಿ ಎಂದು ಹೇಳುತ್ತಿದ್ದೆ.

ಆಟಿಯ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲು ಪಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕಷಾಯ ಮಾಡಿ ಮನೆಯವರೆಲ್ಲ ಕುಡಿಯಬೇಕು. ವರ್ಷವಿಡೀ ಕಾಯಿಲೆ ಬಾರದಿರಲಿ ಎಂದು. ಪ್ರತಿವರ್ಷ ತೊಗಟೆ ತರುತ್ತಿದ್ದದ್ದು ಅಪ್ಪ, ಕಷಾಯ ಮಾಡುತ್ತಿದ್ದದ್ದು ಅಮ್ಮ. ಆ ವರ್ಷ ಎರಡನ್ನೂ ಅಪ್ಪನೇ ಮಾಡಿದರು. ನಾನು ಮೂಗು ಹಿಡಿದು ಕುಡಿದೆ. ಉಳಿದದ್ದನ್ನು ಅವರು ಒಂದು ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಬಟ್ಟೆ ಸುತ್ತಿ, ಮೊದಲ ಬಸ್ಸಿನಲ್ಲಿ ಕಾಕನ ಕೈಗೆ ಕೊಟ್ಟರು. “ಆಲೆಟ್ಟಿಗೆ ಯಾರಾದರೂ ಹೋಗುವವರಿದ್ದರೆ,” ಎಂದರು. ನನಗೆ ಅಂದು ಶಾಲೆಯಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಇಷ್ಟು ದಿನಗಳಲ್ಲಿ ಅಪ್ಪ ಅತ್ತ ಕಳಿಸಿದ ಮೊದಲ ವಸ್ತು ಅದು.

ಮರುದಿನ ಕಾಕ ಬಾಟಲಿ ವಾಪಸು ತಂದರು. ತೊಳೆದು ಸ್ವಚ್ಛವಾಗಿತ್ತು, ಖಾಲಿಯಾಗಿತ್ತು. ನಮ್ಮಲ್ಲಿ ಬಂದ ಪಾತ್ರೆಯನ್ನು ಯಾರೂ ಬರಿದಾಗಿ ಕಳಿಸುವುದಿಲ್ಲ. ಒಂದು ಹಿಡಿ ಅವಲಕ್ಕಿ, ಏನೂ ಇಲ್ಲದಿದ್ದರೆ ನಾಲ್ಕು ಹಲಸಿನ ಬೀಜವಾದರೂ ಇರುತ್ತದೆ. ಅಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು. ಕಿಟಕಿಯ ಮೇಲಿಟ್ಟರು, ಮಾವನ ವೀಳ್ಯದೆಲೆ ಇಟ್ಟ ಕಡೆಯಲ್ಲೇ.

ಶನಿವಾರ ನಾನು ಅಮ್ಮನನ್ನು ಕೇಳಿದೆ.

“ಮದ್ದು ಬಂದ ಪಾತ್ರೆಗೆ ಎಂತ ತುಂಬುದು? ತುಂಬಿ ಕೊಟ್ಟರೆ ಕಾಯಿಲೆಯನ್ನೇ ಕಳಿಸಿದ ಹಾಗೆ,” ಎಂದಳು ಅವಳು. ಆಲೆಟ್ಟಿಯ ಮನೆಯಲ್ಲಿ ಅದು ಹಾಗೇ ಎಂದು ಅಜ್ಜಿಯೂ ಹೇಳಿದಳು. ಕುಡಿದಿರಾ ಎಂದು ಕೇಳಿದೆ. “ಕುಡಿದೆ. ಎರಡೆರಡು ಸಲ ಕುಡಿದದ್ದಾಯ್ತು ಆ ದಿನ,” ಎಂದಳು. ನಾನು ಪುತ್ತೂರಿಗೆ ಬಂದು ಅಪ್ಪನಿಗೆ ಇದನ್ನು ಹೇಳಿದೆ. ಅವರು ಕೇಳಿಸಿಕೊಂಡು, “ಹೌದಾ,” ಎಂದರು. ನಂಬಿದರೋ ಇಲ್ಲವೋ ನನಗೆ ತಿಳಿಯಲಿಲ್ಲ. ಬಾಟಲಿ ಅಲ್ಲೇ ಇತ್ತು.

ಸೋಣ ಶುರುವಾಯಿತು. ಕರೆಯಲು ಯಾರೂ ಹೋಗಲಿಲ್ಲ. ಒಂದು ಶನಿವಾರ ಅಪ್ಪ, “ಹೋದವರಿಗೆ ದಾರಿ ಗೊತ್ತುಂಟು,” ಎಂದರು. ಅದು ನನಗೆ ಹೇಳಿದ್ದೋ, ತಲುಪಿಸಲು ಕೊಟ್ಟದ್ದೋ ಸ್ಪಷ್ಟವಿರಲಿಲ್ಲ. ನಾನು ತಲುಪಿಸಿದೆ. ಮಾವ ಕವಳ ಜಗಿಯುತ್ತಾ ಕೂತಿದ್ದರು.

“ಕರೆಯುವವರಿಗೆ ಬಸ್ಸೂ ಗೊತ್ತುಂಟಲ್ಲ. ದಿನಾ ಬಿಡುದು ಅವರೇ ಅಲ್ವಾ?”

“ನೀನು ಸುಮ್ಮನಿರು,” ಎಂದಳು ಅಜ್ಜಿ. “ನಿನ್ನ ಬುಧವಾರದಿಂದಲೇ ಇಷ್ಟೆಲ್ಲ ಆದದ್ದು.”

ಸೋಣದ ಎರಡನೆಯ ಭಾನುವಾರ ಮದುವೆಯ ದಿನ ಇಡಲು ಬರುತ್ತೇವೆ ಎಂದು ಕಡಬದವರು ಹೇಳಿ ಕಳಿಸಿದರು. ಅಕ್ಕ ನನ್ನನ್ನು ಬಾವಿಕಟ್ಟೆಗೆ ಕರೆದಳು. “ಅಪ್ಪನ ಹತ್ತಿರ ಬರಲಿಕ್ಕೆ ಹೇಳು. ಕರೆದುಕೊಂಡು ಹೋಗುದು ಬೇಡ. ಬಂದು ಕೂತರೆ ಸಾಕು. ಅಪ್ಪ ಇಲ್ಲ, ಅಮ್ಮ ಸೋಣದಲ್ಲೂ ಇಲ್ಲೇ ಇದ್ದಾಳೆ ಅಂದರೆ ಕಡಬದವರಿಗೆ ಎಂತ ಅಂತ ಗೊತ್ತಾಗುದಿಲ್ವಾ?” ನಾನು ಹೇಳಿದೆ. ಅದರ ಮುಂದಿನ ಶನಿವಾರ ನಾನು ಬಸ್ಸು ಹತ್ತುವಾಗ, “ನಾಳೆ ಕಡಬದವರು ಹತ್ತೂವರೆಯ ಬಸ್ಸಿಗೆ ಬರ್ತಾರಾ?” ಎಂದು ಮಾತ್ರ ಕೇಳಿದರು.

ಭಾನುವಾರ ಬೆಳಿಗ್ಗೆ ಆಲೆಟ್ಟಿಯಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ಎಷ್ಟು ಜನಕ್ಕೆ ಇಡುವುದು ಎಂದು ಅಕ್ಕ ಕೇಳಿದಳು. “ಮೂವರಿಗೆ ಇಡು. ಹೆಚ್ಚಾದರೆ ನಾನು ಕುಡಿತೇನೆ,” ಎಂದಳು ಅಜ್ಜಿ.

ಗದ್ದೆಯ ಬದುವಿನಲ್ಲಿ ಮೊದಲು ಕಂಡದ್ದು ಹುಡುಗನ ಸೋದರಮಾವ. ಅವರ ಹಿಂದೆ ಚಿಕ್ಕಮ್ಮ. ನಡುವೆ ಸ್ವಲ್ಪ ದೂರ ಬಿಟ್ಟು, ಅವರ ಚೀಲವನ್ನೂ ಕೊಡೆಯನ್ನೂ ಹಿಡಿದುಕೊಂಡು ಅಪ್ಪ. ಅಕ್ಕ ಬಾಗಿಲಿನಿಂದ ಒಳಗೆ ಹೋಗಿ ಗೋಡೆಗೆ ಒರಗಿ ನಿಂತಳು.

“ಬಂದ್ರಾ ಭಾವ,” ಎಂದರು ಮಾವ.

“ಬಂದೆ.”

ಅಪ್ಪ ಕೂತದ್ದು ಕಡಬದವರ ಸಾಲಿನಲ್ಲಿ, ಅತಿಥಿಗಳ ಬೆಂಚಿನಲ್ಲಿ. ಬೆಲ್ಲ ಕಚ್ಚಿ ನೀರು ಕುಡಿದರು. ಅಷ್ಟಾದರೂ ಆಯಿತಲ್ಲ ಎಂದು ನನಗೆ ಉಸಿರು ಬಂತು. ಚಿಕ್ಕಮ್ಮ ಜೋರು ದನಿಯ, ಖುಷಿಯ ಹೆಂಗಸು.

“ಮೊದಲ ಸಲ ನಮಗೆ ಸೀಟು ಕೊಟ್ಟು, ಕೋಳಿಬುಟ್ಟಿ ಸರಿಸಿದವರು ಇವರೇ. ಹುಡುಗಿಯ ಅಪ್ಪ ಅಂತ ಆಗಲೇ ಹೇಳಬಾರದಾ ಮಾರಾಯ್ರೆ?”

“ಆಗ ನನಗೂ ಗೊತ್ತಿರಲಿಲ್ಲ,” ಎಂದರು ಅಪ್ಪ.

ಕಡಬದವರು ಹೊಟ್ಟೆ ಹಿಡಿದು ನಕ್ಕರು. ನಮ್ಮ ಮನೆಯವರೂ ನಗಬೇಕಾಯಿತು. ಮಾವ ಎದ್ದು ಹೋಗಿ ಅಂಗಳಕ್ಕೆ ಕವಳ ಉಗುಳಿ ಬಂದರು.

ದಿನ ನಿಶ್ಚಯವಾಯಿತು, ದೀಪಾವಳಿ ಕಳೆದ ಮೇಲೆ. ಇನ್ನೇನು ಊಟಕ್ಕೆ ಏಳಬೇಕು, ಚಿಕ್ಕಮ್ಮ ಅಮ್ಮನನ್ನು ಕೇಳಿದಳು. “ನೀವು ಆಟಿಗೆ ಬಂದದ್ದಂತೆ. ಸೋಣ ಆದ್ರೂ ಇಲ್ಲೇ ಇದ್ದೀರಲ್ಲ?”

ಒಳಗೆ ಅಕ್ಕನ ಬಳೆಯ ಸದ್ದು ನಿಂತುಹೋಯಿತು.

“ನಾನೇ ಇರಲಿಕ್ಕೆ ಹೇಳಿದ್ದು,” ಎಂದರು ಅಪ್ಪ. “ಮದುವೆ ಕೆಲಸ ಉಂಟಲ್ಲ ಇಲ್ಲಿ. ಮುಗಿಸಿ ಬರ್ತಾಳೆ.”

ನಾಲ್ಕು ತಿಂಗಳಿಗೆ ಹತ್ತಿರವಾಗುತ್ತಿದ್ದ ಆ ಕಾಲದಲ್ಲಿ, ಅಮ್ಮ ಕೇಳುವ ಹಾಗೆ ಅಮ್ಮನ ಬಗ್ಗೆ ಅವರು ಆಡಿದ ಮೊದಲ ಮಾತು ಅದು. ಅಕ್ಕನ ಮದುವೆ ಉಳಿಯಿತು. ಉಳಿದದ್ದು ಅಷ್ಟೇ ಅಲ್ಲ ಎಂದು ನಾನು ಅಂದುಕೊಂಡೆ. ಆದರೆ ಊಟ ಮುಗಿದ ಮೇಲೆ ಅಪ್ಪ ಕಡಬದವರ ಚೀಲ ಎತ್ತಿಕೊಂಡು ಅವರ ಜೊತೆಗೇ ಹೊರಟರು. ಅಡುಗೆಮನೆಯ ಕಡೆಗೆ ತಲೆ ಹಾಕಲಿಲ್ಲ.

ಮದುವೆಯವರೆಗೆ ನಾನು ಆ ಒಂದು ಮಾತನ್ನು ಮತ್ತೆ ಮತ್ತೆ ನೆನೆಸಿಕೊಂಡೆ. ಮುಗಿಸಿ ಬರ್ತಾಳೆ. ಅದು ಕಡಬದವರಿಗೆ ಹೇಳಿದ್ದೋ, ಅಮ್ಮನಿಗೆ ಹೇಳಿದ್ದೋ? ಮದುವೆಯ ದಿನ ಬೆಳಿಗ್ಗೆ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಬಾಗಿಲ ಹಿಂದೆ ಗೋಣಿಯ ಕಟ್ಟು ಕಂಡಿತು. ಮುಟ್ಟಿ ನೋಡಿದೆ. ಮೆಟ್ಟುಕತ್ತಿ. ಅಮ್ಮ ಅದನ್ನು ಸುತ್ತಿ ಕಟ್ಟಿ ಸಿದ್ಧ ಇಟ್ಟಿದ್ದಳು.

ಧಾರೆಯಾಯಿತು. ಗಿಂಡಿಗೆ ಮೊದಲು ಮಾವನ ಕೈ, ಆಮೇಲೆ ಅಪ್ಪನದು, ಅದರ ಮೇಲೆ ಅಮ್ಮನದು. ನೀರು ಬಿದ್ದು ಮುಗಿಯುವವರೆಗೆ ನಾನು ಅಕ್ಕನ ಮುಖ ನೋಡಲಿಲ್ಲ. ಆ ಕೈಗಳನ್ನೇ ನೋಡುತ್ತಿದ್ದೆ.

ದಿಬ್ಬಣಕ್ಕೆ ಸ್ಪೆಷಲ್ ಬಸ್ಸು ಗೊತ್ತು ಮಾಡಿದ್ದು ಅಪ್ಪ. ಕಂಡಕ್ಟರು ಕಾಕನೇ. ಇಳಿಹೊತ್ತಿಗೆ ಮದುಮಕ್ಕಳು, ಕಡಬದವರು ಎಲ್ಲ ಹತ್ತಿದರು. ಬಸ್ಸು ಪುತ್ತೂರಿನ ಮೇಲೆಯೇ ಹೋಗಬೇಕು. ನಾನೂ ಅಪ್ಪನೂ ಅಲ್ಲಿ ಇಳಿಯುವವರು. ನಾನು ಶಾಲೆಯ ಚೀಲ ಹಿಡಿದು ಮೆಟ್ಟಿಲ ಹತ್ತಿರ ನಿಂತಿದ್ದೆ. ಅಮ್ಮ ರಸ್ತೆಯ ಬದಿಯಲ್ಲಿ ಮಾವನ ಪಕ್ಕದಲ್ಲಿದ್ದಳು. ಅಕ್ಕ ಕಿಟಕಿಯಿಂದ ಅವಳನ್ನೇ ನೋಡುತ್ತಿದ್ದಳು.

ಅಪ್ಪ ಮೆಟ್ಟಿಲ ಮೇಲೆ ನಿಂತು, ಕಂಬಿ ಹಿಡಿದು, ಮನೆಯ ಮಾಡಿನ ಕಡೆಗೆ ಮುಖ ಮಾಡಿ ಕೂಗಿದರು. “ಪುತ್ತೂರು, ಪುತ್ತೂರು! ಪುತ್ತೂರಿಗೆ ಯಾರಾದರೂ ಉಂಟಾ?”

ಒಳಗಿದ್ದವರು ನಕ್ಕರು. “ಏಜೆಂಟ್ರಿಗೆ ಮಗಳ ಮದುವೆ ದಿನವೂ ರಜೆ ಇಲ್ಲ,” ಎಂದರು ಯಾರೋ.

ಮಾವ ತಗ್ಗಿದ ದನಿಯಲ್ಲಿ, “ಕರೀತಿದ್ದಾರೆ. ಹೋಗು,” ಎಂದರು.

“ಯಾರನ್ನು ಕರೆದದ್ದು?” ಎಂದಳು ಅಮ್ಮ.

ಕಾಕನಿಗೆ ಏನೋ ಅರ್ಥವಾಗಿರಬೇಕು. ಮೇಲಿನ ಹಗ್ಗ ಸರಿಯಿಲ್ಲ ಎಂದು ಮತ್ತೊಮ್ಮೆ ಟಾಪು ಹತ್ತಿ, ನಿಧಾನವಾಗಿ ಇಳಿದು ಬಂದರು. “ಏಜೆಂಟ್ರೆ, ಮುಂದೆ ಒಂದು ಸೀಟು ಖಾಲಿ ಉಂಟು,” ಎಂದರು.

“ಗೊತ್ತುಂಟು,” ಎಂದರು ಅಪ್ಪ. ಇನ್ನೊಮ್ಮೆ, “ಪುತ್ತೂರು, ಪುತ್ತೂರು,” ಎಂದರು. ನಾನು “ಕೇಳಿತಾ” ಎಂಬ ಆ ಒಂದು ಶಬ್ದಕ್ಕೆ ಕಾಯುತ್ತಿದ್ದೆ. ಅಮ್ಮನೂ ಕಾಯುತ್ತಿದ್ದಳು ಎಂದು ನನಗೆ ಅನಿಸುತ್ತದೆ. ಅವಳು ಅಲ್ಲಿಂದ ಅಲುಗಿರಲಿಲ್ಲ, ತಿರುಗಿಯೂ ಇರಲಿಲ್ಲ. ಅಪ್ಪ ವಿಸಿಲನ್ನು ಬಾಯಿಗಿಟ್ಟರು. ನಾನು ಹತ್ತಿದೆ. ಸೋಮವಾರ ಶಾಲೆ ಇತ್ತು.

ಅಮ್ಮ ಮತ್ತೆ ಪುತ್ತೂರಿನ ಮನೆಗೆ ಬರಲಿಲ್ಲ. ಬಿಡುಗಡೆ ಎಂದು ಯಾರೂ ಹೇಳಲಿಲ್ಲ, ಪಂಚಾಯತಿ ನಡೆಯಲಿಲ್ಲ. ಅಕ್ಕ ಕಡಬದಿಂದ ಬಂದಾಗಲೆಲ್ಲ ಪುತ್ತೂರಿನಲ್ಲಿ ಇಳಿದು ಒಂದು ಊಟ, ಆಲೆಟ್ಟಿಗೆ ಹೋಗಿ ಒಂದು ಊಟ ಮಾಡುತ್ತಿದ್ದಳು. ಅವಳ ಅತ್ತೆಯ ಮನೆಯಲ್ಲಿ ಬಹಳ ವರ್ಷ, ಅಮ್ಮ ಅಜ್ಜಿಯ ಮಂಡಿ ನೋವಿಗಾಗಿ ಅಲ್ಲಿದ್ದಾಳೆ ಎಂದೇ ಇತ್ತು. ನಾನು ಹೈಸ್ಕೂಲು ಮುಗಿಸುವವರೆಗೂ ಶನಿವಾರದ ಬಸ್ಸು ಹತ್ತಿದೆ. ಅಪ್ಪ ಪ್ರತಿ ಸಲ ಸೀಟು ಕೊಟ್ಟರು.

ಮದುವೆಯ ನಂತರದ ಮೊದಲ ಶನಿವಾರ ನಾನು ಆಲೆಟ್ಟಿಗೆ ಹೋದಾಗ ಅಮ್ಮ ಮೆಟ್ಟುಕತ್ತಿಯ ಮೇಲೆ ಕೂತು ಸೌತೆಕಾಯಿ ಹೆಚ್ಚುತ್ತಿದ್ದಳು. ಗೋಣಿ ಮಡಚಿ ಪಕ್ಕದಲ್ಲಿತ್ತು. ಅಜ್ಜಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು.

“ಬಸ್ಸಿಗೆ ಕರೆದ. ಮನೆಗೆ ಕರೆಯಲಿಲ್ಲ,” ಎಂದಳು ಅಜ್ಜಿ, ಯಾರನ್ನೂ ನೋಡದೆ.

ಅಮ್ಮ ಹೆಚ್ಚುತ್ತಲೇ ಇದ್ದಳು. ಒಂದು ಸೌತೆಕಾಯಿ ಮುಗಿದ ಮೇಲೆ ನನ್ನನ್ನು ಕೇಳಿದಳು.

“ಆ ದಿನ ವಿಸಿಲ್ ಉದ್ದ ಇತ್ತು. ಬಸ್ಸು ತುಂಬಿತ್ತಾ?”

“ಇಲ್ಲ. ಮುಂದಿನ ಸೀಟು ಖಾಲಿ ಇತ್ತು.”

“ದಾರಿಯಲ್ಲಿ ಯಾರಾದರೂ ಕೂತರಾ ಅದರಲ್ಲಿ?”

“ಯಾರನ್ನೂ ಕೂರಲಿಕ್ಕೆ ಬಿಡಲಿಲ್ಲ. ಅಪ್ಪ ಪುತ್ತೂರಿನವರೆಗೂ ಮೆಟ್ಟಿಲ ಮೇಲೆಯೇ ನಿಂತಿದ್ದರು.”

ಅವಳ ಕೈ ಒಂದು ಕ್ಷಣ ನಿಂತಿತು.

“ಹಾಂ,” ಎಂದಳು.

ಆಮೇಲೆ ಇನ್ನೊಂದು ಸೌತೆಕಾಯಿ ತೆಗೆದುಕೊಂಡಳು.